ಮಾವನ ಮರ್ಯಾದೆ, ಅಳಿಯನ ಕಾರು

ನೋಡಿ, ಒಂದೂರಲ್ಲಿ ಒಬ್ಬ ಸಾಹುಕಾರರಿದ್ದರು. ಯಾವ ಊರು ಅಂತ ಕೇಳಬೇಡಿ, ಕೇಳಿದರೆ ನಿಮ್ಮೂರೇ ಅಂದುಬಿಡುತ್ತೇನೆ. ಅಕ್ಕಿ ಗಿರಣಿ ಇತ್ತು, ಬೀದಿಗೆಲ್ಲ ಕೇಳುವ ಗಂಟಲಿತ್ತು. ಗಿರಣಿಯಲ್ಲಿ ಒಂದು ನಟ್ಟು ಸಡಿಲವಾದರೆ ಊರು ಒಂದು ಮಾಡುತ್ತಿದ್ದರು. ತಮ್ಮ ಮೈಯಲ್ಲಿ ಏನಾದರೂ ಕೆಟ್ಟರೆ ಮಾತ್ರ ಬಾಯಿಗೆ ಬೀಗ.

ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂತು. ಪ್ರಾಸ್ಟೇಟ್ ಅಂದರೆ ಗಂಡಸರಿಗೆ ಮೂತ್ರಚೀಲದ ಕೆಳಗಿರುವ ಗ್ರಂಥಿ. ಯಾಕೆ ಮುಖ ತಗ್ಗಿಸುತ್ತೀರಿ? ಇರುವುದನ್ನೇ ಹೇಳಿದೆ. ಡಾಕ್ಟರು, ‘ವಾಸಿಯಾಗುತ್ತೆ, ಆದರೆ ವಿಕಿರಣ ಚಿಕಿತ್ಸೆ ಪೂರ್ತಿ ಮಾಡಿಸಬೇಕು, ಮಧ್ಯೆ ಬಿಡಬಾರದು’ ಅಂದರು. ನಮ್ಮ ಜನ ಕರೆಂಟ್ ಕೊಡಿಸೋದು ಅಂತಾರಲ್ಲ, ಅದು. ದಿನಾ ಪಟ್ಟಣದ ಆಸ್ಪತ್ರೆಗೆ ಹೋಗಬೇಕು. ಅಳಿಯ ಬ್ಯಾಂಕಿಗೆ ರಜೆ ಹಾಕಿ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ಬಂಗಾರದಂಥ ಅಳಿಯ. ಎಡವಟ್ಟಾದದ್ದೇ ಅಲ್ಲಿ.

ಕೆಲವು ವಾರ ಕಳೆಯುವ ಹೊತ್ತಿಗೆ ಮೂತ್ರ ಉರಿಯತೊಡಗಿತು. ಹೋಗಿ ಬಂದು ಕೂರುವಷ್ಟರಲ್ಲಿ ಮತ್ತೆ ಹೋಗಬೇಕು. ಆಗಾಗ ಭೇದಿ, ಕೂತಲ್ಲೇ ಸುಸ್ತು. ಹೀಗಾಗಬಹುದು, ಆದರೆ ತಕ್ಷಣ ಹೇಳಿ ಅಂತ ನರ್ಸಮ್ಮ ಮೊದಲೇ ಹೇಳಿದ್ದರು. ಹೇಳುವುದು ಹೇಗೆ? ಪಕ್ಕದ ಕುರ್ಚಿಯಲ್ಲಿ ಅಳಿಯ ಕೂತಿದ್ದಾನೆ. ಮಗಳನ್ನು ಧಾರೆ ಎರೆದು ಕೊಟ್ಟ ಮಾವ ಅಳಿಯನ ಮುಂದೆ ಒಂದಕ್ಕೆ ಹೋಗುವ ಮಾತಾಡುವುದೇ? ಡಾಕ್ಟರು ‘ಹೇಗಿದ್ದೀರಿ ಯಜಮಾನರೇ?’ ಅಂದರೆ, ‘ಏನೂ ತೊಂದ್ರೆ ಇಲ್ಲ ಸಾರ್.’ ಪ್ರತಿ ವಾರವೂ ಅದೇ. ಒಳಗೆ ಬೆಂಕಿ ಬಿದ್ದಿದೆ, ಬಾಯಲ್ಲಿ ಏನೂ ತೊಂದರೆ ಇಲ್ಲ.

ದಾರಿಯಲ್ಲಿ ಕಾರು ನಿಲ್ಲಿಸಿ ಅನ್ನಲೂ ನಾಚಿಕೆ. ಅದಕ್ಕೆ ಏನು ಮಾಡಿದರು ಗೊತ್ತಾ? ನೀರು ಕುಡಿಯುವುದನ್ನೇ ಬಿಟ್ಟರು. ಏನು ಬುದ್ಧಿವಂತಿಕೆ ನೋಡಿ. ನೀರು ಕಮ್ಮಿಯಾದರೆ ಉರಿ ಇನ್ನೂ ಜಾಸ್ತಿ. ಅದರ ಮೇಲೆ, ಯಂತ್ರದ ಕೆಳಗೆ ಮಲಗುವಾಗ ಮೂತ್ರಚೀಲ ತುಂಬಿರಬೇಕು ಅಂತ ಅವರಿಗೆ ಹೇಳಿದ್ದರು. ಒಂದು ದಿನ ನೋಡಿದರೆ ಚೀಲ ಖಾಲಿ. ‘ನೀರು ಕುಡಿದು ಕಾಯಿರಿ’ ಅಂತ ಹೊರಗೆ ಕಳಿಸಿದರು. ಕುಡಿದರು, ಕಾದರು, ತಡೆಯಲಾಗಲಿಲ್ಲ. ಪಂಚೆಯಲ್ಲೇ ಆಯಿತು. ಅಳಿಯನಿಗೆ ಗೊತ್ತಾಯಿತು. ಆದರೆ ಮಾವನ ಮರ್ಯಾದೆ ಕಾಯಬೇಕಲ್ಲ, ಮೊಬೈಲ್ ನೋಡುತ್ತ ಕೂತ. ಇವರಿಗೆ ನಾಚಿಕೆ, ಅವನಿಗೆ ಸಂಕೋಚ. ಇಬ್ಬರು ಮರ್ಯಾದಸ್ಥರ ನಡುವೆ ಒಂದು ಜೀವ ಸಾಯುತ್ತಿತ್ತು.

ಮನೆಗೆ ಬಂದವರೇ ಹೆಂಡತಿಗೆ, ‘ನಾಳೆಯಿಂದ ಹೋಗೋದು ಬೇಡ, ಡಾಕ್ಟ್ರು ಸಾಕು ಅಂದ್ರು’ ಅಂದುಬಿಟ್ಟರು. ಇನ್ನೂ ಅರ್ಧ ಚಿಕಿತ್ಸೆ ಬಾಕಿ ಇದೆ. ಪ್ರಾಣ ಹೋದರೂ ಚಿಂತೆಯಿಲ್ಲ, ಪಂಚೆಯ ಸುದ್ದಿ ಹೊರಗೆ ಬರಬಾರದು. ಇಂಥವರಿಗೆ ಏನು ಹೇಳೋಣ ನೀವೇ ಹೇಳಿ.

ಆದರೆ ಜನ್ಮದಲ್ಲಿ ಒಂದು ಟವೆಲ್ ಹಿಂಡದ ಮನುಷ್ಯ ಬಚ್ಚಲಲ್ಲಿ ಕೂತು ಪಂಚೆ ಒಗೆಯುತ್ತಿದ್ದುದನ್ನು ಹೆಂಡತಿ ನೋಡಿದಳು, ಗದರಿಸಿ ಎಲ್ಲ ಬಾಯಿ ಬಿಡಿಸಿದಳು. ಹೆಂಡತಿಗೆ ಮೋಸ ಮಾಡುವವರು ಬಟ್ಟೆ ಒಗೆಯಬಾರದು. ಮರುದಿನ ಅಳಿಯನನ್ನು ಕರೆಸಿ, ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂತವಳು ಆಕೆ. ಡಾಕ್ಟರ ಮುಂದೆ ಸಾಹುಕಾರರು ‘ಏನೂ ತೊಂದ್ರೆ’ ಅನ್ನುವಷ್ಟರಲ್ಲಿ ಆಕೆ ಬಾಯಿ ಹಾಕಿದಳು.

‘ಸುಳ್ಳು ಡಾಕ್ಟ್ರೇ. ಉರಿ ತಡೀಲಾರದೆ ಬಚ್ಚಲ ಗೋಡೆ ಹಿಡ್ಕಂಡು ನಿಂತಿರ್ತಾರೆ. ನೀರು ಮುಟ್ಟಲ್ಲ. ನಿನ್ನೆ ಪಂಚೇಲೇ ಆಗಿದೆ. ಸಾಕು ಅಂತ ನೀವು ಅಂದ್ರಂತೆ, ಅಂದ್ರಾ? ಅಳಿಯಂದಿರ ಮುಂದೆ ಹೇಳ್ಬಾರ್ದಂತೆ. ನಾಳೆ ಇವ್ರು ಸತ್ರೆ ಅಳಿಯಂದ್ರು ಹೆಗಲು ಕೊಡ್ಬೇಕು, ಇವತ್ತು ಒಂದು ಮಾತು ಕೇಳ್ಬಾರ್ದಾ?’

ಸಾಹುಕಾರರು ಭೂಮಿ ಬಾಯಿ ಬಿಡಲಿ ಅಂತ ಕಾದರು. ಅದು ಬಿಡಲಿಲ್ಲ. ಡಾಕ್ಟರು ಉರಿಗೆ ಮಾತ್ರೆ ಬರೆದರು. ನೀರು ಬಿಡಬೇಡಿ, ಕಾಫಿ ಕಮ್ಮಿ ಮಾಡಿ ಅಂದರು. ಭೇದಿಗೆ ಏನು ಉಣ್ಣಬೇಕು, ಏನು ಬಿಡಬೇಕು ಅಂತ ತಿಳಿಸಿದರು. ‘ಚಿಕಿತ್ಸೆ ಮುಗಿದ ಮೇಲೆ ಕೆಲವು ವಾರದಲ್ಲಿ ಸಾಮಾನ್ಯವಾಗಿ ಇಳಿಯುತ್ತೆ. ಮೊದಲೇ ಹೇಳಬಾರದಿತ್ತಾ?’ ಅಂದರು.

ಹೊರಗೆ ಬಂದ ಮೇಲೆ ಅಳಿಯ ತಲೆ ತಗ್ಗಿಸಿಕೊಂಡು ಅಂದ: ‘ಮಾವ, ದಾರೀಲಿ ಹೋಟೆಲ್ ಕಂಡಾಗೆಲ್ಲ ನಾನು ಕಾರು ನಿಧಾನ ಮಾಡ್ತಿದ್ದೆ. ನೀವೇ ಹೇಳ್ತೀರೇನೋ ಅಂತ.’ ಸಾಹುಕಾರರು ಅಲ್ಲೇ ಅತ್ತುಬಿಟ್ಟರು. ಚಿಕಿತ್ಸೆ ಪೂರ್ತಿಯಾಯಿತು.

ಅವರ ಕಥೆ ಆಯಿತು. ನಿಮ್ಮದೇನು? ನಗುತ್ತಿದ್ದೀರಿ. ಇದೇ ಸಭೆಯಲ್ಲಿ ಹಿರಿಯರೊಬ್ಬರು ಮಧ್ಯೆ ಎದ್ದರೆ ಮೊಣಕಾಲು ಸರಿಸುವುದಕ್ಕೂ ಮುಖ ಸಿಂಡರಿಸುತ್ತೀರಿ. ‘ಮುಗಿಯೋವರ್ಗೂ ಕೂರಕ್ಕಾಗಲ್ವಾ’ ಅಂತ ಹಿಂದಿನಿಂದ ಗೊಣಗುತ್ತೀರಿ. ನನಗೆ ಇಲ್ಲಿಗೆ ಕೇಳಿಸುತ್ತದೆ. ಆ ಗೊಣಗಾಟಕ್ಕೆ ಹೆದರಿ ಎಷ್ಟು ಜನ ಬೆಳಗ್ಗೆಯಿಂದ ನೀರು ಮುಟ್ಟದೆ ಇಲ್ಲಿ ಬಂದು ಕೂತಿದ್ದಾರೋ. ಹಾಗೆ ಬಾಯಿ ಒಣಗಿಸಿಕೊಂಡು ಕೂತರೆ ಭಕ್ತಿಯೇ?

ಗಂಡಸರೇ, ಡಾಕ್ಟರು ಕೇಳಿದಾಗ ಬಾಯಿ ಬಿಡಿ. ಉರಿಯನ್ನೂ ಹೇಳಿ, ಸುಸ್ತನ್ನೂ ಹೇಳಿ, ಗಂಡ ಹೆಂಡತಿ ನಡುವೆ ಮಾತ್ರ ಇರುವ ತೊಂದರೆಯನ್ನೂ ಹೇಳಿ. ಮಕ್ಕಳೇ, ಅಳಿಯಂದಿರೇ, ಕಾರು ನಿಧಾನ ಮಾಡಿದರೆ ಸಾಲದು, ನಿಲ್ಲಿಸಿ, ನೀವೇ ಮೊದಲು ಇಳಿಯಿರಿ. ಬಾಗಿಲ ಹತ್ತಿರದ ಕುರ್ಚಿಗಳಲ್ಲಿ ಕೂತಿರುವ ಹುಡುಗರೆಲ್ಲ ಈಗಲೇ ಎದ್ದು ಹಿರಿಯರಿಗೆ ಜಾಗ ಬಿಡಿ.

ಯಾರಿಗಾದರೂ ಹೊರಗೆ ಹೋಗಬೇಕಾ? ಹೋಗಿ ಬನ್ನಿ. ನಾನು ಪ್ರವಚನ ನಿಲ್ಲಿಸಿ ಕಾಯುತ್ತೇನೆ.