ಅತ್ತಿ ಫೋಟೋಕ್ಕೊಂದು ಜೋಡಿ ಕಣ್ಣು

...ಅಲ್ಲ, ಆಕಿ ಸಾಯಾಕ ಹೆದರ್ತಿರಲಿಲ್ಲ, ಫೋಟೋಕ್ಕ ಹೆದರ್ತಿದ್ಲು. ಹಿತ್ತಲದಾಗ ಹಾವು ಬಂದ್ರ ಬಡಿಗಿ ತಗೊಂಡು ತಾನ ಮುಂದ ಹೋಗ್ತಿದ್ಲು, ಕುಡುದು ಬಂದ ಲಾರಿ ಡ್ರೈವರ್‌ನ ರಟ್ಟಿ ಹಿಡುದು ರೋಡಿಗೆ ಬಿಟ್ಟು ಬರ್ತಿದ್ಲು, ಆದ್ರ ಕ್ಯಾಮರಾ ಕಂಡ್ರ ಸಾಕು, ಸೀರಿ ಎತ್ತಿಕಟ್ಟಿ ಓಡ್ತಿದ್ಲು. ಯಾರು ಅಂತೀರಿ? ನಿಮ್ಮ ಮುತ್ತಜ್ಜಿ ಗುರುಬಸವ್ವ, ನಮ್ಮತ್ತಿ. ಬರೇ ಅತ್ತಿ ಅಲ್ಲ ಮತ್ತ, ನಮ್ಮಪ್ಪನ ಒಡಹುಟ್ಟಿದ ಅಕ್ಕ. ಸೋದರತ್ತಿ ಮಗನಿಗೇ ನನ್ನ ಕೊಟ್ಟಿದ್ದು. ನಮ್ಮ ಕಡೆ ಹಂಗ ನೋಡ್ರಿ, ಹೊರಗಿನ ಹುಡುಗಿ ತಂದ್ರ ಮನಿ ಒಡಿತಾಳ, ತಮ್ಮನ ಮಗಳಾದ್ರ ಬೈದ್ರೂ ಬಾಯಿ ಮುಚ್ಕೊಂಡಿರ್ತಾಳ ಅಂತ. ನಾ ಏನು ಬಾಯಿ ಮುಚ್ಕೊಂಡಿರಲಿಲ್ಲ, ಅದು ಬ್ಯಾರೆ ಮಾತು.

ಅವಾಗ ಕಾನಹೊಸಹಳ್ಳಿಯಾಗ ರೋಡಿನ ಬಾಜೂಕ ನಮ್ಮದೊಂದು ಖಾನಾವಳಿ ಇತ್ತು. ಈಗ ಮೊಬೈಲ್ ಅಂಗಡಿ ಐತಲ್ಲ, ಅಲ್ಲೇ, ತಗಡಿನ ಚಪ್ಪರ, ಮುಂದೊಂದು ಬೇವಿನ ಗಿಡ. ಕೋಳಿ ಕೂಗೋದ್ರಾಗ ನಾ ಬೋರಿಂಗಿಗೆ ಕೊಡ ಹಿಡ್ಕೊಂಡು ಹೋಗಬೇಕು, ಆಮ್ಯಾಲೆ ಒಲಿ ಮುಂದ ಕುಂತ್ನೆಂದ್ರ ಹೊತ್ತು ಮುಳುಗೋ ತನಕ ರೊಟ್ಟಿ ಬಡಿಯೋದ ಬಡಿಯೋದು. ಹೊಗಿಗೆ ಕಣ್ಣು ಕೆಂಪಗ ಆಗಿರ್ತಿದ್ವು. ಒಂದು ರೊಟ್ಟಿ ಸೀಯ್ತು ಅನ್ರಿ, ನಮ್ಮತ್ತಿ ಬಾಗಲದಾಗ ನಿಂತು ನೋಡ್ತಿದ್ಲು. ಬೈತಿರಲಿಲ್ಲ. ಬರೇ ನೋಡ್ತಿದ್ಲು. ಎಡಗಣ್ಣು ಸ್ವಲ್ಪ ಸಣ್ಣದು ಮಾಡಿ, ಹುಬ್ಬು ಮ್ಯಾಲೇರಿಸಿ. ಆಕಿ ಹಂಗ ನೋಡಿದ್ರ ಹೆಂಚಿನ ಮ್ಯಾಲಿನ ರೊಟ್ಟಿ ತಾನ ಮಗುಚಿ ಬೀಳ್ತಿತ್ತು ಅಂತಿದ್ರು ಗಿರಾಕಿ ಮಂದಿ. ತಾಟಿನಾಗ ಕೈ ತೊಳಿಯಾಕ ನೀರು ಎತ್ತಿದೋನು ಆಕಿ ಕಣ್ಣು ಕಂಡು ಆ ನೀರು ಕುಡುದು ಎದ್ದು ಹೋಗಿದ್ದು ನಾನ ನೋಡೀನಿ.

ಹಾಂ, ಫೋಟೋದ ಮಾತು. ಯಾಕ ಹೆದರ್ತಿದ್ಲು ಅಂದ್ರ, ನಿಮ್ಮ ಮುತ್ತಜ್ಜ ವಯಸ್ಸಿನಾಗ ದಾವಣಗೆರಿಗೆ ಹೋದಾಗ ಸ್ಟುಡಿಯೋದಾಗ ಫೋಟೋ ತೆಗೆಸ್ಕೊಂಡು ಬಂದಿದ್ನಂತ. ಹಿಂದ ಪರದೆ ಮ್ಯಾಲೆ ಸಮುದ್ರ, ಮುಂದ ಈತ ಕೋಟು ಹಾಕ್ಕೊಂಡು ನಿಂತಾನ. ಕೋಟು ಸ್ಟುಡಿಯೋದೋರ್ದು ಮತ್ತ. ವರ್ಷ ತುಂಬೋದ್ರಾಗ ಕಾಮಾಲಿ ಆಗಿ ಹೋಗಿಬಿಟ್ಟ. ಅವತ್ತಿನಿಂದ ನಮ್ಮತ್ತಿ ಹೇಳೋದು ಒಂದ, ಜೀವ ಕಣ್ಣಾಗಿಂದ ಹೊರಗ ಬರ್ತತಿ, ಆ ಡಬ್ಬಿ ಅದನ್ನ ನುಂಗ್ತತಿ. ನಗಬ್ಯಾಡ್ರಿ. ಗಂಡನ್ನ ಕಳಕೊಂಡೋಳಿಗೆ ಯಾರನ್ನಾರ ಬೈಬೇಕಲ್ಲ, ಡಬ್ಬಿ ಸಿಕ್ತು.

ನನ್ನ ಮದುವಿ ಫೋಟೋ ನೋಡ್ರಿ ಬೇಕಾದ್ರ. ನಮ್ಮತ್ತಿ ಎಲ್ಲಾ ಫೋಟೋದಾಗೂ ಅದಾಳ, ಒಂದ್ರಾಗೂ ಇಲ್ಲ. ಒಂದ್ರಾಗ ಆರತಿ ತಾಟು ಹಿಡುದ ಕೈ, ಒಂದ್ರಾಗ ಸೆರಗು, ಒಂದ್ರಾಗ ಬೆನ್ನು. ಓಟಿನ ಕಾರ್ಡಿಗೆ ಊರೂರಿಗೆ ಬಂದು ಫೋಟೋ ತಗದ್ರಲ್ಲ, ಅವಾಗ ಮಾತ್ರ ತಪ್ಪಿಸ್ಕೊಳ್ಳಾಕ ಆಗಲಿಲ್ಲ. ಕುಂತ್ಲು, ಕುಂತೋಳು ಕಣ್ಣು ಗಟ್ಟಿಯಾಗಿ ಮುಚ್ಚಿದ್ಲು. ಆ ಹುಡುಗ ಅಜ್ಜಿ ಕಣ್ಣು ತಗೀರಿ ಅಂತ ಕೈ ಮುಗುದ. ಈಕಿ ಮುಚ್ಚಿದ ಕಣ್ಣಿಲೇ, "ಓಟು ಹಾಕೋದು ಬೆರಳಿಲೆ, ಕಣ್ಣಿಲೆ ಅಲ್ಲ. ಬೆರಳಿಂದು ತಗಿ" ಅಂದ್ಲು. ಕಡೀಗೆ ಕಾರ್ಡಿನಾಗ ಬಂದಿದ್ದು ಹೆಬ್ಬೆಟ್ಟಿನಷ್ಟು ಮಸಿ, ಅದ್ರಾಗ ಒಂದು ಮೂಗುಬಟ್ಟು.

ನಿಮ್ಮಜ್ಜನಿಗೆ ಮಾತ್ರ ಒಂದ ಹಟ, ಅವ್ವಂದೊಂದು ಫೋಟೋ ಬೇಕು. ಅಪ್ಪನ ಮುಖ ಆತಗ ಫೋಟೋ ನೋಡೇ ಗೊತ್ತು, ಅಷ್ಟು ಸಣ್ಣೋನಿದ್ದ ಅಪ್ಪ ಹೋದಾಗ. ಅದಕ್ಕ ನಾವಿಬ್ರೂ ಕೂಡಿ ಒಂದು ಹಂಚಿಕಿ ಮಾಡಿದ್ವಿ. ಕೂಡ್ಲಿಗಿ ಬಸ್ ಸ್ಟ್ಯಾಂಡಿನ ಹತ್ರ ಸ್ಟುಡಿಯೋ ಇಟ್ಟಿದ್ದ ಮಾಬುಸಾಬ ಅಂತ ಒಬ್ಬಾತ, ಬಾಯಿ ಬಡುಕ ಅಂದ್ರ ಬಾಯಿ ಬಡುಕ, ಅವನನ್ನ ಉಣ್ಣಾಕ ಬಂದ ಗಿರಾಕಿ ಹಂಗ ಕುಂದರಿಸಿದ್ವಿ, ಟವಲ್ ಒಳಗ ಕ್ಯಾಮರಾ. ನಮ್ಮತ್ತಿ ರೊಟ್ಟಿ ತಾಟು ತಗೊಂಡು ಬಂದ್ಲು, ಆತ ಟವಲ್ ಸರಿಸಿದ, ಫ್ಲಾಶ್ ಹೊಡಿತು. ಫೋಟೋ ತೊಳೆಸಿ ನೋಡಿದ್ರ ಏನೈತಿ? ಕುತಿಗಿ ಮಟ ಸೀರಿ, ಅದ್ರ ಮ್ಯಾಲೆ ಮುಖದ ಜಾಗದಾಗ ತಾಟು! ಅಷ್ಟು ಚುರುಕು ಮುದುಕಿ. ತಾಟಿನಾಗಿನ ರೊಟ್ಟಿ, ಪಲ್ಯ ಎಲ್ಲಾ ಮಾಬುಸಾಬನ ಮ್ಯಾಲೆ. ಮ್ಯಾಲೆ ಮತ್ತ ಆಕಿ, ಉಳ್ಳಾಗಡ್ಡಿ ಬೇಕೇನಪ್ಪಾ ಅಂತ ಕೇಳಿದ್ಲು.

ಇಂಥಾಕಿ ಒಂದಿನ ಮಧ್ಯಾಹ್ನ ಶೇಂಗಾ ಸುಲೀತಾ ಕುಂತೋಳು ಕುಂತಂಗ ಹೋಗಿಬಿಟ್ಲು. ನಾ ಮಾತಾಡಾಕತ್ತಿದ್ದೆ, ಉತ್ತರ ಬರಲಿಲ್ಲ, ಸಿಟ್ಟು ಬಂದೈತಿ ಅನ್ಕೊಂಡ್ನಿ. ಎಷ್ಟೋ ಹೊತ್ತಿನ ಮ್ಯಾಲೆ ತಿರುಗಿ ನೋಡಿದ್ನಿ.

ನಮ್ಮ ಮಂದ್ಯಾಗ ಸತ್ತೋರನ್ನ ಮಲಗಿಸೋದಿಲ್ಲ, ಗೊತ್ತಲ್ಲ. ಗ್ವಾಡಿಗೆ ಒರಗಿಸಿ ಕುಂದರಿಸ್ತೀವಿ, ಇಬತ್ತಿ ಹಚ್ಚಿ, ಹೂವು ಹಾಕಿ, ಆಚೀಚಿ ಮನಿಮಂದಿ ಕುಂತು ಒಂದು ಫೋಟೋ ತೆಗಸ್ತೀವಿ. ಎಷ್ಟೋ ಮಂದಿದು ಜೀವಮಾನದಾಗ ಅದೊಂದ ಫೋಟೋ. ಮಾಬುಸಾಬ ಬಂದ. ಅವತ್ತೊಂದಿನ ನಮ್ಮತ್ತಿ ಓಡಲಿಲ್ಲ. ಆತನೂ ಕ್ಯಾಮರಾ ಕಣ್ಣಿಗೆ ಹಚ್ಚೋಕಿಂತ ಮೊದಲು ಕೈ ಮುಗುದ, "ಅವ್ವಾರ, ತಪ್ಪು ತಿಳ್ಕೋಬ್ಯಾಡ್ರಿ" ಅಂದ. ಎಲ್ಲಾರೂ ಅಳಾಕತ್ತಿದ್ರು, ನನಗ ಆ ತಾಟು ನೆನಪಾಗಿ ನಗು ಬಂತು, ಸೆರಗು ಬಾಯಾಗ ತುರುಕ್ಕೊಂಡ್ನಿ. ಮಂದಿ ಅನ್ಕೊಂಡ್ರು, ಪಾಪ, ಸೊಸಿಗೆ ದುಃಖ ತಡಿಯಾಕ ಆಗವಲ್ದು.

ಫೋಟೋ ಬಂತು. ನಿಮ್ಮಜ್ಜ ನೋಡಿದ, ಮಗುಚಿಟ್ಟ. ಇದು ಅವ್ವ ಅಲ್ಲ, ಹೆಣ ಅಂದ. ಉಣ್ಣೋದು ಬಿಟ್ಟಿದ್ದ ಆತ, ಒಂದು ತುತ್ತು ಬಾಯಿಗೆ ಹಾಕ್ಕೊಂಡು ಎದ್ದು ಹೋಗೋನು, ಬರೇ ತಂಬಾಕು, ತಂಬಾಕು. ನಾ ಒಂದಿನ ಜಬರಿಸಿ ಕೇಳಿದ್ನಿ, ಏನಾಗೈತಿ ನಿಮಗ ಅಂತ. ಅವಾಗ ಅಂದ, "ಅಪ್ಪನ ಮುಖ ಫೋಟೋದಾಗಿಂದಷ್ಟ ಗೊತ್ತು ನನಗ. ಕಣ್ಣು ಮುಚ್ಚಿದ ಕೂಡ್ಲೇ ಈ ಹೆಣಾನ ಬರ್ತತಿ, ಅವ್ವ ಬರವಲ್ಲಳು. ಅವ್ವನ ಮುಖಾನೂ ಮರತು ಹೋದ್ರ ಏನು ಮಾಡ್ಲಿ?" ಗಂಡಸು ಹಂಗ ಕೇಳಿದ್ರ ಹೆಂಗಸು ಏನು ಹೇಳಬೇಕು ಹೇಳ್ರಿ.

ನಾನ ಮಾಬುಸಾಬನ ಹತ್ರ ಹೋಗಿ, ಈ ಫೋಟೋಕ್ಕ ಏನರ ಮಾಡಾಕ ಬರ್ತತೇನು ಅಂತ ಕೇಳಿದ್ನಿ. ಆತ ಅಂದ, ಅದೇನು ದೊಡ್ಡದಲ್ಲ ಅಕ್ಕಾರ, ಮುಚ್ಚಿದ ಕಣ್ಣು ತಗಿಸಿ ಕೊಡ್ತೀನಿ. ಹೆಂಗಪಾ ಅಂದ್ರ, ರಕ್ತ ಸಂಬಂಧದೋರು ಯಾರಾರ ಕಣ್ಣಿನ ಫೋಟೋ ತಗದು, ಬರೇ ಕಣ್ಣು ಕತ್ತರಿಸಿ ಈ ಫೋಟೋಕ್ಕ ಅಂಟಿಸಿ, ಮ್ಯಾಲೆ ಕುಂಚದಿಲೆ ತಿದ್ದಿ, ಮತ್ತೊಮ್ಮೆ ಫೋಟೋ ಹೊಡುದು ದೊಡ್ಡದು ಮಾಡೋದು. ಕೂಡ್ಲಿಗಿಯಿಂದ ಹರಪನಹಳ್ಳಿ ತನಕ ಎಷ್ಟು ಮಂದಿ ಸತ್ತೋರು ನಾ ಕೊಟ್ಟ ಕಣ್ಣಿಲೆ ನೋಡಾಕತ್ತಾರ ಗೊತ್ತೇನು ಅಂತ ಎದಿ ಉಬ್ಬಿಸಿದ. ಸತ್ತೋರ ಹೆಸರಿಲೆ ಮಂದಿಗೆ ಉಣ್ಣಾಕ ಹಾಕೋ ಶಿವಗಣಾರಾಧನಿ ದಿನಕ್ಕ ಫೋಟೋ ಕೊಡ್ತೀನಿ ಅಂತ ಒಪ್ಕೊಂಡು ಮನಿಗೆ ಬಂದು ಎಲ್ಲಾರ ಕಣ್ಣು ನೋಡಿದ. ನಿಮ್ಮಜ್ಜಂದು ಅಪ್ಪನ ಕಣ್ಣು, ಗೋಲಿ ಹಂಗ. ನೀಲಗುಂದಕ್ಕ ಕೊಟ್ಟಿದ್ದ ನಾದಿನಿ ಶಾಂತವ್ವಂದೂ ಅಪ್ಪನ ಕಣ್ಣು, ಮ್ಯಾಲೆ ಅತ್ತು ಅತ್ತು ಬಾತಿದ್ವು. ಆಮ್ಯಾಲೆ ಮೂಲ್ಯಾಗ ರೊಟ್ಟಿ ಬಡಿತಿದ್ದ ನನ್ನ ಕಡೆ ತಿರುಗಿದ. "ಇವ ಕಣ್ಣು ನೋಡ್ರಿ, ಅಚ್ಚು ಹೊಡದಂಗ ಅದಾವು" ಅಂದ.

ಶಾಂತವ್ವ ಕುಂತಲ್ಲಿಂದ ಎದ್ಲು. ಸೊಸಿ ಕಣ್ಣು ಅತ್ತಿಗೇನು, ಲೋಕದಾಗ ಎಲ್ಲೆರ ಐತೇನು, ಹಡದ ಮಗಳು ನಾ ಇಲ್ಲಿ ಅದೀನಿ ಅಂತ ಸುರು ಹಚ್ಚಿಕೊಂಡ್ಲು. ಖರೇ ಹೇಳಬೇಕಂದ್ರ ನನಗೂ ಮೈ ಉರೀತು. ನಾ ಆಕಿ ಹಂಗ ಇಲ್ಲ ಅಂತ ಜೀವಮಾನ ಎಲ್ಲಾ ಬಡ್ಕೊಂಡೋಳು ನಾನು! ಆಕಿ ಹಂಗ ಗುರಾಯಿಸಲ್ಲ, ಆಕಿ ಹಂಗ ಹಟ ಮಾಡಲ್ಲ ಅಂತ. ಕನ್ನಡಿ ನೋಡ್ಕೊಂಡ್ನಿ. ಸುಡುಗಾಡು, ಅದ ಎಡಗಣ್ಣು.

ಕೂಡ್ಲಿಗಿಗೆ ಹೋದ್ವಿ. ಸ್ಟುಡಿಯೋದಾಗ ಸ್ಟೂಲ್ ಮ್ಯಾಲೆ ಕುಂದರಿಸಿ, ದೀಪ ಹಚ್ಚಿದ್ರ ಕರೆಂಟ್ ಹೋತು, ಕರೆಂಟ್ ಬಂದ್ರ ನನಗ ನಗು ಬಂತು. ನಿಮ್ಮತ್ತಿ ಹೆಂಗ ನೋಡ್ತಿದ್ರೋ ಹಂಗ ನೋಡ್ರಿ ಅಂದ. ಶಾಂತವ್ವ ಬಾಜೂಕ ನಿಂತು, ಅವ್ವನ ನೋಟ ಹಾಲಿನಂಗಿತ್ತು, ಮೆತ್ತಗ ನೋಡು ಅಂತ ಹೇಳಿಕೊಡಾಕತ್ತಿದ್ಲು. ಆಕಿಗೆ ಹಾಲು ಇದ್ದೀತು, ಹಡದ ಮಗಳಲ್ಲೇನು. ನನಗ ಗೊತ್ತಿದ್ದಿದ್ದು ಒಂದ ನೋಟ. ನಾ ಸೀದ ರೊಟ್ಟಿ ನೆನಸ್ಕೊಂಡ್ನಿ, ಬರಲಿಲ್ಲ. ಆಮ್ಯಾಲೆ ನೆನಪಾತು, ನಿಮ್ಮಪ್ಪ ಹೊಟ್ಯಾಗಿದ್ದಾಗ ನಾ ಬೋರಿಂಗಿನಿಂದ ತುಂಬಿದ ಕೊಡ ಹೊತ್ಕೊಂಡು ಬಂದಿದ್ನಿ. ಬಾಗಲದಾಗ ನಿಂತು ನಮ್ಮತ್ತಿ ಹಿಂಗ ನೋಡಿದ್ಲು, ಎಡಗಣ್ಣು ಸಣ್ಣದು ಮಾಡಿ. ಕೊಡ ಕಸಗೊಂಡ್ಲು, ಹೆರಿಗಿ ಆಗೋ ತನಕ ಬೋರಿಂಗಿಗೆ ತಾನ ಹೋದ್ಲು. ಆ ನೋಟ ಬಂತು ನೋಡ್ರಿ ನನ್ನ ಮಾರಿ ಮ್ಯಾಲೆ, ತಾನ ಬಂತು, ಮಾಬುಸಾಬ ಬಡಬಡ ಒತ್ತಿದ. ಆಮ್ಯಾಲೆ ನಾ ಸ್ಟೂಲ್ ಮ್ಯಾಲೇ ಕುಂತು ಅತ್ತುಬಿಟ್ನಿ. ಆಕಿ ಹೋದ ಮ್ಯಾಲೆ ನಾ ಖರೇ ಅತ್ತಿದ್ದು ಅವತ್ತೇ ಮೊದಲು. ಶಾಂತವ್ವ ಹೇಳಿಕೊಡೋದು ಬಿಟ್ಟು ನನ್ನ ಬೆನ್ನು ಸವರಿದ್ಲು.

ಶಿವಗಣಾರಾಧನಿ ದಿನ ಬೀಗರು, ಬಿಜ್ಜರು, ಜಂಗಮರು ಎಲ್ಲಾ ಕೂಡ್ಯಾರ, ಮಾಬುಸಾಬ ಕಾಗದ ಸುತ್ತಿದ ಫೋಟೋ ತಂದು ಗ್ವಾಡಿಗೆ ತೂಗು ಹಾಕಿ ಕಾಗದ ಹರುದ. ಜಗಲಿ ಮ್ಯಾಲೆ ಇಸ್ಪೀಟ್ ಎಲಿ ಹಂಚಾಕತ್ತಿದ್ದ ಅಳಿಯಂದ್ರು ಎಲಿ ಒಟ್ಟು ಮಾಡಿ ಕಿಸೆಕ್ಕ ಹಾಕ್ಕೊಂಡ್ರು. ಶಾಂತವ್ವ ನೋಡಿದ್ಲು, ಅವ್ವ ನನ್ನ ಯಾವತ್ತೂ ಹಿಂಗ ನೋಡಿಲ್ಲ ಅಂದ್ಲು, ಇನ್ನೊಮ್ಮೆ ನೋಡಿದ್ಲು, ಒಳಗ ಹೋಗಿ ತನ್ನ ಚೀಲದಾಗಿಂದ ಅವ್ವನ ಇಳಕಲ್ ಸೀರಿ ತಗದು ತಂದು ನನ್ನ ಮಡಿಲಿಗೆ ಹಾಕಿದ್ಲು. ಆ ಸೀರಿ ಚೀಲದಾಗ ಹೋಗಿದ್ದು ನನಗ ಗೊತ್ತೂ ಇರಲಿಲ್ಲ. ನಾ ಅದನ್ನ ಮತ್ತ ಆಕಿಗೇ ಉಡಿ ತುಂಬಿ ಕೊಟ್ನಿ ಅನ್ರಿ, ಅದು ಆಮ್ಯಾಲಿನ ಮಾತು.

ಕಡೀಗೆ ನಿಮ್ಮಜ್ಜ ಬಂದ. ಬಂದು ಫೋಟೋದ ಮುಂದ ನಿಂತ. ಈತ ನನ್ನ ಕಣ್ಣು ಅಂತ ಗುರುತು ಹಿಡುದು, ಇದೂ ಅವ್ವ ಅಲ್ಲ ಅಂದ್ರ ಏನು ಗತಿ? ಆತ ನೋಡಿದ. ಹೊರಗ ಹೋಗಿ ಬಾಯಾಗಿನ ತಂಬಾಕು ಉಗುಳಿ, ಮುಕ್ಕಳಿಸಿ ಬಂದು ಮತ್ತ ನಿಂತ, ಸಾಲಿ ಹುಡುಗನಂಗ ಕೈ ಕಟ್ಕೊಂಡು.

"ಉಣ್ತೀನಿ ಬೇ ಅವ್ವಾ," ಅಂದ. "ಹಂಗ ನೋಡಬ್ಯಾಡ, ಉಣ್ತೀನಿ."

ಸೀದಾ ಬಂದು ಪಂಕ್ತಿಯಾಗ ಕುಂತ. ನಾನ ನೀಡಿದ್ನಿ, ಹೋಳಿಗಿ, ತುಪ್ಪ, ಅನ್ನ, ಸಾರು, ಬ್ಯಾಡ ಬ್ಯಾಡ ಅಂತ ಕೈ ಅಡ್ಡ ತಂದಾಗೆಲ್ಲಾ ಒಮ್ಮೆ ಫೋಟೋ ಕಡೆ ನೋಡೋನು, ಕೈ ತಗಿಯೋನು. ಅದಕ್ಕ ಹೇಳೋದು ನಿಮಗ, ಬದುಕಿದ್ದಾಗ ಕಣ್ಣು ಬಿಟ್ಕೊಂಡು ಒಂದು ಫೋಟೋ ತೆಗೆಸ್ಕೊಳ್ರಿ. ಇಲ್ಲಾಂದ್ರ ಸತ್ತ ಮ್ಯಾಲೆ ಸೊಸಿ ಕಣ್ಣಿಲೆ ಮಗನ್ನ ನೋಡಬೇಕಾಕತಿ.