ಮೊದಲು ಯಜಮಾನರ ಬಲ್ಬು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಯಾವ ಊರು ಅಂತ ಕೇಳಬೇಡಿ, ಹೇಳಿದರೆ ನಿಮ್ಮಲ್ಲಿ ಇಬ್ಬರು ಎದ್ದು ಹೋಗುತ್ತೀರಿ. ಅವನ ಮನೆಯಲ್ಲೊಂದು ರೂಢಿ. ಕಾಫಿ ಮೊದಲು ಅವನಿಗೆ, ಸ್ನಾನದ ಬಿಸಿನೀರು ಮೊದಲು ಅವನಿಗೆ, ಪೇಪರ್ ಮೊದಲು ಅವನಿಗೆ. ಆಮೇಲೆ ಮಗ, ಆಮೇಲೆ ಹೆಂಡತಿ, ಕಟ್ಟಕಡೆಗೆ ಸೊಸೆ.

ಹೊಸ ಮನೆ ಕಟ್ಟಿಸಿದ. ಕರೆಂಟೂ ಮೊದಲು ತನ್ನ ಬಲ್ಬಿಗೆ ಬಂದು, ತನ್ನನ್ನು ದಾಟಿಯೇ ಉಳಿದವರಿಗೆ ಹೋಗಬೇಕು ಎಂದು ವೈರಿಂಗ್‌ನವನಿಗೆ ಅಪ್ಪಣೆ ಮಾಡಿದ. ಅವನು ತಲೆ ಕೆರೆದುಕೊಂಡ. ಒಂದೊಂದು ಬಲ್ಬಿಗೂ ಮೇನ್ ಲೈನಿನಿಂದ ಬೇರೆಯಾಗಿ ಎರಡೆರಡು ವೈರು ಕೊಡುವುದು ಪದ್ಧತಿ ಎಂದ. ಇವನು ಕೇಳಬೇಕಲ್ಲ! ಕೊನೆಗೆ ಹೂ ಪೋಣಿಸಿದ ಹಾಗೆ ಎಲ್ಲ ಬಲ್ಬುಗಳನ್ನೂ ಒಂದೇ ಸಾಲಿನಲ್ಲಿ ಪೋಣಿಸಿದ್ದಾಯಿತು. ಸ್ವಿಚ್ಚೂ ಒಂದೇ, ಅದೂ ಅವನ ಮಂಚದ ಪಕ್ಕ.

ಸ್ವಿಚ್ ಹಾಕಿದರೆ ಎಲ್ಲವೂ ಮಂಕು. ಮೊದಲನೆಯವನದೂ ಮಂಕು! ಇದೇನಪ್ಪಾ ಅಂತ ಅವನಿಗೆ ಗೊಂದಲ. ನೋಡಿ, ನನಗೂ ಗೊಂದಲವೇ. ಮೊದಲು ನಿಂತವನಿಗೆ ಹೆಚ್ಚು ಸಿಗಬೇಡವೇ? ನಮ್ಮ ಮಠದ ವೈರಿಂಗ್‌ನವನನ್ನು ಮೂರು ಸಲ ಕೇಳಿದೆ. ಆ ಸಾಲಿನಲ್ಲಿ ಮೊದಲು, ಕೊನೆ ಅಂತ ಇಲ್ಲವೇ ಇಲ್ಲವಂತೆ. ಹೂಂ ಅಂದೆ. ಪೂರ್ತಿ ತಿಳಿಯಲಿಲ್ಲ.

ಅಷ್ಟರಲ್ಲಿ ಸೊಸೆಗೆ ಹೆರಿಗೆಯಾಯಿತು. ತೂಕವಿಲ್ಲದ ಕೂಸು, ಮೇಲೆ ಚಳಿಗಾಲ. ಹತ್ತಿರ ದೊಡ್ಡ ಬಲ್ಬು ಉರಿಸಿ ಕೂಸನ್ನು ಬೆಚ್ಚಗಿಡಿ ಎಂದಳು ನರ್ಸ್. ಮಂಕು ಬಲ್ಬಿನಲ್ಲಿ ಬಿಸಿ ಎಲ್ಲಿಂದ ಬರಬೇಕು? ಒಂದು ಸಂಜೆ ಬಚ್ಚಲಿನ ಬಲ್ಬು ಹೋಯಿತು. ಹೋದದ್ದು ಒಂದು, ಕತ್ತಲಾದದ್ದು ಇಡೀ ಮನೆ. ಕೂಸಿನ ಕೈಕಾಲು ತಣ್ಣಗಾಗುತ್ತಿವೆ. ಸೊಸೆ ಅದನ್ನು ಎದೆಗವಚಿಕೊಂಡು ಅಳುತ್ತಿದ್ದಾಳೆ.

ವೈರಿಂಗ್‌ನವನನ್ನು ಓಡಿ ಕರೆತಂದರು. ಶ್ರೀಮಂತ ಕೇಳಿದ: "ನನ್ ಬಲ್ಬು ಚೆನ್ನಾಗೇ ಇದೆ, ಸ್ವಿಚ್ಚೂ ಹಾಕಿದೀನಿ. ನನಗ್ಯಾಕಯ್ಯಾ ಕತ್ತಲು?"

"ಯಜಮಾನ್ರೇ, ಕರೆಂಟು ನಿಮ್ಮನ್ನ ದಾಟ್ಕೊಂಡೇ ಹೋಗ್ಬೇಕು ಅಂದ್ರಿ. ಈಗ ಅದು ಎಲ್ರನ್ನೂ ದಾಟಿದ್ರೇನೇ ನಿಮಗೂ ಬೆಳಕು."

"ಹಾಗಾದ್ರೆ ಇದ್ರಲ್ಲಿ ಯಜಮಾನ ಯಾರು?"

ಅವನು ಏಣಿ ಹಾಕಿ ಹತ್ತಿದ. ಬಾಣಂತಿ ಕೋಣೆಗೆ ಮೇನ್ ಲೈನಿನಿಂದ ನೇರವಾಗಿ ಎರಡು ವೈರು ಎಳೆದ. ಬಲ್ಬು ಝಗ್ಗೆಂದು ಉರಿಯಿತು. ಸ್ವಲ್ಪ ಹೊತ್ತಿನಲ್ಲಿ ಕೂಸು ಕೈ ಆಡಿಸಿತು.

ನಗಬೇಡಿ. ನಿಮ್ಮ ಮನೆಯ ಸೊಸೆಗೆ ಜ್ವರ ಬಂದರೆ ಅವಳು ಗಂಡನನ್ನು ಕೇಳಬೇಕು, ಗಂಡ ಅಮ್ಮನನ್ನು ಕೇಳಬೇಕು, ಅಮ್ಮ ನಿಮ್ಮನ್ನು ಕೇಳಬೇಕು. ನೀವು ಪೇಟೆಗೆ ಹೋಗಿದ್ದರೆ? ಜ್ವರ ಕಾಯುತ್ತದೆಯೇ? ಇವತ್ತು ಮನೆಗೆ ಹೋದ ಕೂಡಲೇ ಅವಳಿಗೆ ಹೇಳಿ: ಹುಷಾರಿಲ್ಲದಾಗ ಯಾರನ್ನೂ ಕೇಳಬೇಡ ತಾಯಿ, ನೇರ ಆಸ್ಪತ್ರೆಗೆ ಹೋಗು. ಈ ಒಂದು ಮಾತು ನಿಮ್ಮ ಬಾಯಿಂದ ಬರದಿದ್ದರೆ, ನಾಳೆ ಇಲ್ಲಿ ಬಂದು ನನ್ನ ಕಾಲಿಗೆ ಬೀಳಬೇಡಿ.