ಭಾನುವಾರದ ಪಾಠ

ಉಪ್ಪಲ್ ಬಸ್ ಸ್ಟಾಪಿನಲ್ಲಿ ತೆಲುಗು ಮಾತುಗಳ ನಡುವೆ ಕನ್ನಡ ಕಿವಿಗೆ ಬಿದ್ದು ಬಸಲಿಂಗಮ್ಮ ತಿರುಗಿ ನೋಡಿದಳು. ಮಗಳ ಕೈ ಹಿಡಿದ ತಾಯಿಯೊಬ್ಬಳು ಚರ್ಚಿನ ಟೀಚರಮ್ಮನೊಡನೆ ಮಾತಾಡುತ್ತಿದ್ದಳು.

“ಇಕೀನ್ನ ಸರಕಾರಿ ಸಾಲಿಗೆ ಹಾಕೇನ್ರಿ. ಅಲ್ಲಿ ಬೈಬಲ್ ಕಲಿಸಂಗಿಲ್ಲ.”

“ಸಾಲಿ ಯಾಕ ಕಲಿಸಬೇಕವ್ವಾ? ಅದು ಚರ್ಚಿನ ಕೆಲಸ.”

“ಖರೇನರಿ. ನಿಮ್ಮ ಭಾನುವಾರದ ಕ್ಲಾಸಿಗೆ ಹೋಗಿ ವಾರಕ್ಕೊಂದು ಕೀರ್ತನೆ ಬಾಯಿಪಾಠ ಮಾಡ್ಯಾಳ.”

ಟೀಚರಮ್ಮ ಹುಡುಗಿಯತ್ತ ನೋಡಿದರು. “ಆ ಕ್ಲಾಸು ನಿಂತು ವರ್ಷಾತವ್ವಾ. ಮಕ್ಕಳು ಬರಲಿಲ್ಲಂತ ಖೋಲಿಗೆ ಬೀಗ ಹಾಕೇವಿ.”

ತಾಯಿ ಮಗಳತ್ತ ಬಗ್ಗಿದಳು. “ಮತ್ತ ನಿನಗ ಯಾರು ಕಲಿಸ್ತಾರ?”

“ಅಜ್ಜಾರು. ಭಾಳ ಮಕ್ಕಳು ಇರ್ತಾರವ್ವ.”

“ಬೀಗದ ಕೈ ನನ್ನ ಹತ್ರ ಐತಲ್ಲ?” ಎಂದರು ಟೀಚರಮ್ಮ.

“ಅವರು ಒಳಗಿಂದ ತೆಗೀತಾರ್ರಿ.”

ಬಸ್ಸು ಬಂತು. ಮೂವರೂ ಹತ್ತಲಿಲ್ಲ. ಬಸಲಿಂಗಮ್ಮ ನೋಡುತ್ತಿದ್ದಂತೆ ಚರ್ಚಿನ ಕಡೆಗೆ ನಡೆದರು, ಹುಡುಗಿ ಖುಷಿಯಿಂದ ಮುಂದೆ, ದೊಡ್ಡವರಿಬ್ಬರೂ ಹೆಜ್ಜೆ ತಡೆದು ತಡೆದು ಹಿಂದೆ.